ಕಡಲೆಕಾಳಿನಷ್ಟು ಪೊನ್ನಪ್ಪ

ಚೇರಂಬಾಣೆ
12 ಜೂನ್ 1961

ಕಾತ್ಯಾಯನಿಗೆ,

ನನ್ನ ಅಕ್ಷರ ನಿನಗೆ ಇನ್ನೂ ಗುರುತು ಸಿಗುತ್ತದೋ ಇಲ್ಲವೋ. ಭಾಗಮಂಡಲದ ಶಾಲೆಯಲ್ಲಿ ಐದು ವರ್ಷ ನಿನ್ನ ಪಕ್ಕದಲ್ಲಿ ಕೂತು, ನಿನ್ನ ಸ್ಲೇಟು ನೋಡಿ ಲೆಕ್ಕ ಬರೆದು ಪಾಸಾದ ಯಮುನ ನಾನು. ನಿನ್ನ ವಿಳಾಸವನ್ನು ನಿಮ್ಮಣ್ಣ ನಾಗೇಶ್ವರ ಭಟ್ಟರ ಹತ್ತಿರ ಕೇಳಿ ತೆಗೆದುಕೊಂಡೆ. ಕೊಡುವ ಮುಂಚೆ ಅವರು ನನ್ನ ಮುಖವನ್ನೇ ನೋಡಿದರು. ಏನಾದರೂ ಅಂದಿದ್ದರೂ ನಾನು ಕೇಳಿಸಿಕೊಳ್ಳಬೇಕಾಗಿತ್ತು.

ಹನ್ನೆರಡು ವರ್ಷ ಒಂದು ಸಾಲೂ ಬರೆಯದವಳು ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಎಂದು ನೀನು ಅಂದುಕೊಂಡರೆ ಅದು ನಿಜ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮವರಿಗೆ ಹುಷಾರಿಲ್ಲ. ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಬಲಗಡೆ, ಕೆಳಗೆ. ಊಟ ಮಾಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಗುಡುಗುಡು ಅಂದು, ಹಿಂಡಿದ ಹಾಗೆ ನೋವು ಬಂದು, ಆಮೇಲೆ ತಾನೇ ಇಳಿಯುತ್ತದೆ. ನಾಟಿ ಮದ್ದು, ಕಷಾಯ, ಹರಕೆ ಎಲ್ಲ ಆಯಿತು. ಮೂಟೆ ಹೊತ್ತುಕೊಂಡು ಗುಡ್ಡ ಹತ್ತುತ್ತಿದ್ದ ಆಸಾಮಿ ಈಗ ಮೂಳೆ ಚಕ್ಕಳ. ಮಡಿಕೇರಿಯಲ್ಲಿ ಧರ್ಮಪಾಲ ಎನ್ನುವ ಡಾಕ್ಟರು ಸುಣ್ಣದ ನೀರಿನಂಥದ್ದನ್ನು ಒಂದು ಲೋಟ ಕುಡಿಸಿ ಎಕ್ಸ್‌ರೇ ತೆಗೆದರು. ಕರುಳಿನ ಒಂದು ಕಡೆ ಗೋಡೆ ದಪ್ಪವಾಗಿದೆಯಂತೆ, ಬಿಳಿ ನೀರು ಅಲ್ಲಿ ದಾರದಷ್ಟು ಸಣ್ಣಗೆ ಇಳಿದಿದೆಯಂತೆ. ‘ಎರಡರಲ್ಲಿ ಒಂದು ಇರಬೇಕು’ ಎಂದರು. ಒಂದು ಕ್ಷಯ. ಇನ್ನೊಂದರ ಹೆಸರನ್ನು ಅವರು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅರ್ಥವಾಯಿತು.

ನೀನು ಮೈಸೂರಿನ ಆಸ್ಪತ್ರೆಯಲ್ಲಿ ಇಂಥದ್ದನ್ನೇ ಗಾಜಿನ ಮೇಲಿಟ್ಟು ದೊಡ್ಡದು ಮಾಡಿ ನೋಡುವ ಕೆಲಸದಲ್ಲಿದ್ದೀಯ ಎಂದು ನಿಮ್ಮಣ್ಣ ಹೇಳಿದರು. ಗೋಡೆ ದಪ್ಪವಾಗುವುದು ಅಂದರೆ ಏನು? ಅದನ್ನೊಂದು ನನಗೆ ತಿಳಿಯುವ ಹಾಗೆ ಬರೆದರೆ ಸಾಕು. ಬೇರೆ ಏನನ್ನೂ ನಾನು ಕೇಳುವುದಿಲ್ಲ.

ಯಮುನ


ಮೈಸೂರು
24 ಜೂನ್ 1961

ಶ್ರೀಮತಿ ಯಮುನ ಪೊನ್ನಪ್ಪ ಅವರಿಗೆ,

ನಿಮ್ಮ ಕಾಗದ ತಲುಪಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಗೋಡೆ ದಪ್ಪವಾಗುವುದು ಕಾಯಿಲೆಯ ಹೆಸರಲ್ಲ, ಕಾಯಿಲೆ ಇದೆ ಎನ್ನುವುದರ ಗುರುತು. ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗ ಹೊಟ್ಟೆಯ ಬಲಗಡೆ ಕೆಳಗಿದೆ. ನಮ್ಮೂರಿನ ಸಂಗಮದ ಹಾಗೆ ಎಂದುಕೊಳ್ಳಿ. ಎದೆಗೆ ಬರುವ ಕ್ಷಯವೇ ಅಲ್ಲಿಗೂ ಬರುತ್ತದೆ. ಬಂದರೆ ಗೋಡೆ ಊದಿ, ಗಟ್ಟಿಯಾಗಿ, ದಾರಿ ಕಿರಿದಾಗುತ್ತದೆ. ಕ್ಯಾನ್ಸರ್ ಬಂದರೂ ಹಾಗೆಯೇ ಆಗುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಹೊಟ್ಟೆ ಕೊಯ್ದು ಕಣ್ಣಾರೆ ನೋಡಿದ ಒಳ್ಳೊಳ್ಳೆಯ ಡಾಕ್ಟರುಗಳೂ ಮೋಸಹೋಗಿದ್ದಾರೆ. ಆ ಗೋಡೆಯ ಚೂರೊಂದನ್ನು ತೆಗೆದು, ಮೇಣದಲ್ಲಿ ಕೂರಿಸಿ, ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಖಚಿತವಾಗುತ್ತದೆ. ಕೊಯ್ದು ಬಣ್ಣ ಹಾಕುವುದು ನನ್ನ ಕೆಲಸ. ನೋಡಿ ಹೇಳುವುದು ನಮ್ಮ ಡಾಕ್ಟರು ಕರಿಬಸಪ್ಪನವರ ಕೆಲಸ.

ಕ್ಷಯವಾಗಿದ್ದರೆ ಈಗ ಒಳ್ಳೆಯ ಔಷಧವಿದೆ, ಗುಣವಾಗುತ್ತದೆ. ಇನ್ನೊಂದಾಗಿದ್ದರೆ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕು, ಅದೂ ಬೇಗ. ಆದ್ದರಿಂದ ತಿಳಿಯದೆ ಕಾಯುತ್ತಾ ಕೂರುವುದು ಒಳ್ಳೆಯದಲ್ಲ.

ನಿಮ್ಮ ಮಗಳಿಗೆ ತಂಗಮ್ಮ ಎಂದು ಹೆಸರಿಡುವುದೆಂದು ಆಗ ಮಾತಾಡಿಕೊಂಡಿದ್ದಿರಿ. ಅದೇ ಹೆಸರು ಇಟ್ಟಿರೇ?

ಕಾತ್ಯಾಯನಿ


ಚೇರಂಬಾಣೆ
20 ಜುಲೈ 1961

ಕಾತ್ಯಾಯನಿ,

‘ಶ್ರೀಮತಿ’ ಅಂತೆ, ‘ಅವರಿಗೆ’ ಅಂತೆ! ಕಾಗದ ಒಡೆದ ಕೂಡಲೇ ಯಾರೋ ತಹಶೀಲ್ದಾರರು ಬರೆದಿದ್ದಾರೆ ಅಂದುಕೊಂಡೆ. ಇರಲಿ. ನೀನು ಹಾಗೆ ಬರೆಯುವ ಹಾಗೆ ಮಾಡಿದವಳು ನಾನೇ.

ಹೌದು, ತಂಗಮ್ಮ ಎಂದೇ ಇಟ್ಟೆವು. ಏಳನೇ ಕ್ಲಾಸು. ಲೆಕ್ಕದಲ್ಲಿ ನನ್ನ ಹಾಗಲ್ಲ, ನಿನ್ನ ಹಾಗೆ.

ನಿನ್ನ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ. ಸಂಗಮದ ಮಾತಿಗೆ ನಕ್ಕರು. ‘ಹಾಗಾದರೆ ಸಂಗಮದಲ್ಲಿ ಹೂಳು ತುಂಬಿದೆ, ತೆಗೆಸಲೇಬೇಕು’ ಎಂದರು. ಈಗ ಬಲಗಡೆ ಕೈಯಿಟ್ಟರೆ ಗಟ್ಟಿಯಾಗಿ ಒಂದು ಗಂಟು ಸಿಗುತ್ತದೆ. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿಲ್ಲ. ಧರ್ಮಪಾಲ ಡಾಕ್ಟರು ಹೊಟ್ಟೆ ತೆರೆದು ನೋಡಿ, ಒಂದು ಚೂರು ತೆಗೆದು ನಿಮ್ಮಲ್ಲಿಗೇ ಕಳಿಸುತ್ತಾರಂತೆ. ಅದು ಏನೆಂದು ತಿಳಿಯದೆ ಯಾವ ಔಷಧವನ್ನೂ ಶುರು ಮಾಡುವುದಿಲ್ಲ ಎಂದಿದ್ದಾರೆ.

ಮನೆಯಲ್ಲಿ ಅತ್ತೆ ಒಪ್ಪುತ್ತಿಲ್ಲ. ನಿನಗೆ ಅವರು ಗೊತ್ತಲ್ಲ. ಹೊಟ್ಟೆ ಕೊಯ್ಯುವುದಕ್ಕೆ ಹೇಗೋ ಒಪ್ಪಿದರು, ಚೂರು ತೆಗೆಯುವುದಕ್ಕೆ ಸುತರಾಂ ಒಪ್ಪುವುದಿಲ್ಲ. ಜಗಲಿಯಲ್ಲಿ ಕೂತು ಒಂದೇ ಮಾತು: ‘ಕೊಯ್ಲಿ, ಹೊಲಿಲಿ. ತೆಗ್ದ್ ಕೊಂಡೋಕೆ ಅದೇನ್ ಹಲಸಿನ ತೊಳೆನಾ? ನನ್ನ ಹೈದನ ಮೈ ನಂಗೆ ಇಡೀ ಬೇಕ್.’

ನನಗೂ ರೇಗಿತು. ‘ನಿಮ್ಮ ಹೈದನಿಗೆ ಮೂವತ್ತೆಂಟು ವರ್ಷ ಅತ್ತೆ. ಮೈ ಇಡೀ ಉಳಿಯಬೇಕಾದರೆ ಜೀವ ಮೊದಲು ಉಳಿಯಬೇಕು’ ಅಂದುಬಿಟ್ಟೆ. ಮಾತು ಹೆಚ್ಚಾಯಿತು. ಅವರು ಎದ್ದು ಒಳಗೆ ಹೋದರು. ಅವರ ಗಂಡ, ನಮ್ಮ ಮಾವ, ಸೈನ್ಯಕ್ಕೆ ಸೇರಿ ಬರ್ಮಾದಲ್ಲಿ ತೀರಿಹೋದವರು. ಮನೆಗೆ ಬಂದದ್ದು ಒಂದು ತಂತಿ ಮಾತ್ರ. ಆಮೇಲೆ ನೆನಪಾಗಿ ನನಗೇ ನನ್ನ ಬಾಯಿಯ ಮೇಲೆ ಹೇಸಿಗೆಯಾಯಿತು.

ಚೂರು ತೆಗೆದರೆ ನೋವಾಗುತ್ತದೆಯೇ? ಅದನ್ನು ಹೇಗೆ ಕಳಿಸಬೇಕು?

ಯಮುನ


ಮೈಸೂರು
1 ಆಗಸ್ಟ್ 1961

ಯಮುನಾ,

ನೋವಾಗುವುದಿಲ್ಲ. ಮಂಪರಿನಲ್ಲಿ ಇರುತ್ತಾರೆ. ತೆಗೆಯುವುದು ಒಂದು ಕಡಲೆಕಾಳಿನಷ್ಟು.

ಈಗ ಹೇಳುವುದನ್ನು ಸರಿಯಾಗಿ ಓದು. ಆ ಚೂರನ್ನು ತೆಗೆದ ಕೂಡಲೇ ಡಾಕ್ಟರು ಒಂದು ಸಣ್ಣ ಬಾಟಲಿಯಲ್ಲಿ ಹಾಕುತ್ತಾರೆ. ಅದರಲ್ಲಿ ಫಾರ್ಮಲಿನ್ ಎಂಬ ನೀರಿನಂಥ ಔಷಧ ಇರುತ್ತದೆ. ಮಾಂಸ ಕೊಳೆಯದೆ, ಇದ್ದ ಹಾಗೇ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಒಂದೆರಡು ದಿನ ಅದರಲ್ಲಿ ನೆನೆದರೆ ಸಾಕು. ಅಂಚೆಯಲ್ಲಿ ಹಾಕಿದರೆ ಬಾಟಲಿ ಒಡೆಯಬಹುದು, ಯಾರಾದರೂ ಕೈಯಲ್ಲಿ ತರುವುದು ಒಳ್ಳೆಯದು. ದಾರಿಯಲ್ಲಿ ಮುಚ್ಚಳ ತೆಗೆಯಬಾರದು, ಮೂಸಬಾರದು. ತೆಗೆದವರ ಕಣ್ಣು ಮೂಗು ಎರಡು ದಿನ ಉರಿಯುತ್ತವೆ. ಬಾಟಲಿಯನ್ನು ನೇರ ನನ್ನ ಕೈಗೇ ಕೊಡಲಿ. ಗೇಟಿನಲ್ಲಿ ನನ್ನ ಹೆಸರು ಹೇಳಿದರೆ ಸಾಕು.

ನಿಮ್ಮ ಅತ್ತೆಯ ಜತೆ ಜಗಳ ಮಾಡಬೇಡ. ಕೆಲವರಿಗೆ ಕೊಡುವುದು ಕಷ್ಟ.

ತಂಗಮ್ಮನಿಗೆ ಲೆಕ್ಕ ಬರುತ್ತದೆ ಎಂದು ತಿಳಿದು ಸಂತೋಷವಾಯಿತು.

ಕಾತ್ಯಾಯನಿ


ಚೇರಂಬಾಣೆ
19 ಆಗಸ್ಟ್ 1961

ಕಾತ್ಯಾಯನಿ,

ಆಪರೇಷನ್ ಆಯಿತು. ಹದಿನಾಲ್ಕನೇ ತಾರೀಖು, ಸೋಮವಾರ. ಒಂದೂವರೆ ಗಂಟೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಡಾಕ್ಟರು ಹೊರಗೆ ಬಂದು, ಕರುಳಿನ ಗೋಡೆ ಚಪ್ಪಲಿಯ ಅಟ್ಟೆಯಷ್ಟು ದಪ್ಪವಾಗಿದೆ, ನೋಡಿದರೆ ಯಾವುದೆಂದು ಹೇಳುವ ಹಾಗಿಲ್ಲ, ಈಗಿನ ಮೈಯಲ್ಲಿ ದೊಡ್ಡ ಕೊಯ್ತ ತಡೆಯಲಾರರು, ಚೂರು ತೆಗೆದು ಹೊಲಿದಿದ್ದೇನೆ ಎಂದರು. ‘ಮೈಸೂರಿನಿಂದ ಉತ್ತರ ಬರಲಿ’ ಎಂದರು. ಅಂದರೆ ನಿನ್ನಿಂದ.

ನಮ್ಮವರಿಗೆ ಎಚ್ಚರವಾದ ಮೇಲೆ ಬಾಟಲಿಯನ್ನು ತೋರಿಸಿದೆ. ತನ್ನದೇ ಚೂರನ್ನು ಬೆಳಕಿಗೆ ಹಿಡಿದು ನೋಡಿ, ‘ಕಡಲೆಕಾಳಿನಷ್ಟು ಪೊನ್ನಪ್ಪ ಮೈಸೂರಿಗೆ ಹೊರಟ. ದಸರಾ ಮುಗಿಸಿಕೊಂಡೇ ಬರಲಿ’ ಎಂದರು. ನಗುವುದಕ್ಕೆ ಹೋಗಿ ಹೊಲಿಗೆ ನೋವಾಗಿ ಕಣ್ಣಲ್ಲಿ ನೀರು ಬಂತು. ನಾನು ಅವರ ಕೈ ಹಿಡಿದುಕೊಂಡು ಕೂತೆ. ನನಗೆ ತುಂಬ ಭಯ, ಕಾತ್ಯಾಯನಿ. ಬೇರೆ ಯಾರ ಹತ್ತಿರವೂ ಇದನ್ನು ಹೇಳಿಲ್ಲ.

ಬಾಟಲಿ ತರುವುದು ನಮ್ಮ ಭಾವನವರು ಮೊಣ್ಣಪ್ಪ. ಬುಧವಾರವೇ ಹೊರಡಬೇಕಿತ್ತು. ಮಂಗಳವಾರ ಅವರು ಬಟ್ಟೆಬರೆ ತರಲು ಬಾಟಲಿಯ ಸಮೇತ ಮನೆಗೆ ಬಂದಿದ್ದಾಗ ಗುಡ್ಡ ಜರಿದು ಮಡಿಕೇರಿ ರಸ್ತೆ ಮುಚ್ಚಿಹೋಯಿತು. ಮೂರು ದಿನ ಬಸ್ಸಿಲ್ಲ. ಬಾಟಲಿ ಮನೆಯಲ್ಲೇ ಉಳಿಯಿತು. ಯಾರೂ ಮುಟ್ಟದ ಹಾಗೆ ಅತ್ತೆಯೇ ತಮ್ಮ ಕೋಣೆಯ ಗೂಡಿನಲ್ಲಿ ಇಟ್ಟುಕೊಂಡಿದ್ದರಂತೆ. ನಿನ್ನೆ ಮಳೆ ಇಳಿದ ಮೇಲೆ ನಾನು ಬಟ್ಟೆ ಬದಲಿಸಲು, ಗುಡ್ಡ ಜರಿದಲ್ಲಿಂದ ಮನೆಗೆ ನಡೆದು ಬಂದೆ, ನೋಡಿದರೆ ಅತ್ತೆಯ ಕಣ್ಣು ಕೆಂಡದ ಹಾಗೆ ಕೆಂಪಾಗಿದೆ. ಎರಡು ದಿನದಿಂದ ಅತ್ತಿರಬೇಕು ಪಾಪ. ಅವರು ಅತ್ತಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ಬಾಟಲಿಯನ್ನು ಭಾವನ ಕೈಗೆ ಕೊಟ್ಟರು.

ಇವತ್ತು ರಸ್ತೆ ಬಿಟ್ಟಿದೆ. ಈ ಕಾಗದವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬೇಗ ನೋಡು.

ಯಮುನ


ಮೈಸೂರು
29 ಆಗಸ್ಟ್ 1961

ಯಮುನಾ,

ಇದನ್ನು ಒಬ್ಬಳೇ ಕೂತು ಓದು. ಓದಿದ ಮೇಲೆ ಯಾರ ಮೇಲೂ ಕೂಗಾಡಬೇಡ.

ಬಾಟಲಿ ಇಪ್ಪತ್ತನೇ ತಾರೀಖು ನನ್ನ ಕೈಗೆ ಬಂತು. ಚೀಟಿಯಲ್ಲಿ ಹೆಸರು, ತಾರೀಖು ಎಲ್ಲ ಸರಿಯಿತ್ತು. ನಾನೇ ಕೊಯ್ದು ಬಣ್ಣ ಹಾಕಿದೆ. ಮೊದಲ ಗಾಜನ್ನು ನೋಡಿದಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಕರುಳಿನ ಗೋಡೆಗೆ ತನ್ನದೇ ಆದ ಪದರಗಳಿವೆ. ಇದರಲ್ಲಿ ಒಂದೂ ಇಲ್ಲ. ಇದ್ದದ್ದೆಲ್ಲ ಅಡ್ಡಗೆರೆಯ ಮಾಂಸಖಂಡ, ತೊಡೆಯಲ್ಲೋ ಭುಜದಲ್ಲೋ ಇರುವಂಥದ್ದು. ಒಂದು ಅಂಚಿನಲ್ಲಿ ಕಪ್ಪು ಪುಡಿ. ಪಕ್ಕದಲ್ಲಿ ಯಾವುದೋ ಗಿಡದ ಸಿಪ್ಪೆಯ ತುಣುಕು.

ಕರಿಬಸಪ್ಪನವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು, ‘ಏನಮ್ಮ ಕಾತ್ಯಾಯನಿ, ಕರುಳೊಳಗೆ ಕಾಳುಮೆಣಸು ಸಿಕ್ಕರೆ ನಾನು ಒಪ್ಪುತ್ತೇನೆ. ಉಪ್ಪು ಸವರಿ, ಒಲೆಯ ಮಸಿ ಹತ್ತಿಸಿಕೊಂಡ ಕರುಳನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ’ ಎಂದರು. ಅವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಮಾಂಸದ ಅಡುಗೆ ಕಂಡವಳಲ್ಲ, ಆದರೆ ಕೊಡಗಿನಲ್ಲಿ ಹುಟ್ಟಿದವಳು. ಮಳೆಗಾಲಕ್ಕೆಂದು ನಿಮ್ಮ ಅಡುಗೆಮನೆಯ ಒಲೆಯ ಮೇಲೆ ಏನನ್ನು ಕಟ್ಟಿ ಒಣಗಿಸುತ್ತಾರೆ ಎನ್ನುವುದು ನನಗೆ ಗೊತ್ತು.

ಬಾಟಲಿಯಲ್ಲಿದ್ದದ್ದು ಹಂದಿಮಾಂಸ, ಯಮುನಾ.

ಮಡಿಕೇರಿಯ ಡಾಕ್ಟರು ಇಂಥ ತಪ್ಪು ಮಾಡುವವರಲ್ಲ. ಮೊಣ್ಣಪ್ಪನವರನ್ನು ಬಾಟಲಿ ಕೊಟ್ಟಾಗಲೇ ಕೇಳಿದ್ದೆ, ಅವರು ಮುಚ್ಚಳ ಮುಟ್ಟಿಲ್ಲ. ಆಮೇಲೆ ನಿನ್ನ ಕಾಗದವನ್ನು ಮತ್ತೆ ಓದಿದೆ. ನಿಮ್ಮ ಅತ್ತೆಯ ಕಣ್ಣು ಎರಡು ದಿನ ಕೆಂಪಗಿತ್ತು ಎಂದು ಬರೆದಿದ್ದೀಯ. ಅತ್ತೂ ಇರಬಹುದು. ಆದರೆ ಫಾರ್ಮಲಿನ್ ಬಾಟಲಿಯ ಮೇಲೆ ಬಾಗಿದವರ ಕಣ್ಣು ಹಾಗೆಯೇ ಆಗುತ್ತದೆ.

ಕರಿಬಸಪ್ಪನವರು ಚೂರು ಸರಿಯಿಲ್ಲ, ಮತ್ತೆ ತೆಗೆದು ಕಳಿಸಿ ಎಂದು ಮಡಿಕೇರಿಗೆ ಬರೆಯಬೇಕು. ಬರೆದರೆ ಇನ್ನೊಮ್ಮೆ ಹೊಟ್ಟೆ ತೆರೆಯಬೇಕಾಗುತ್ತದೆ. ಪೊನ್ನಪ್ಪನವರು ಈಗಿರುವ ಸ್ಥಿತಿಯಲ್ಲಿ ಅದನ್ನು ತಡೆದುಕೊಳ್ಳುತ್ತಾರೆಯೇ ಎಂದು ಕೇಳಿದೆ. ಅವರು ಬರೆಯಲು ಕಾಗದ ಎಳೆದುಕೊಂಡರು. ಹತ್ತು ದಿನ ಬಿಟ್ಟು ಬರೆಯಿರಿ ಎಂದು ಬೇಡಿಕೊಂಡಿದ್ದೇನೆ. ಇಷ್ಟು ವರ್ಷದಲ್ಲಿ ಅವರನ್ನು ನಾನು ಏನನ್ನೂ ಕೇಳಿರಲಿಲ್ಲ, ಅದಕ್ಕೇ ಒಪ್ಪಿದರು.

ನಿಜವಾದ ಚೂರು ಎಲ್ಲಿದೆ ಎಂದು ಕೇಳಿ ತಿಳಿದುಕೊ. ಹೂತಿದ್ದರೆ, ಹೊಳೆಗೆ ಬಿಟ್ಟಿದ್ದರೆ ದಾರಿಯಿಲ್ಲ. ಇಟ್ಟಿದ್ದರೆ ಹೇಗಿದೆಯೋ ಹಾಗೆಯೇ ಕಳಿಸು. ತೊಳೆಯಬೇಡ.

ಕಾತ್ಯಾಯನಿ


ಚೇರಂಬಾಣೆ
4 ಸೆಪ್ಟೆಂಬರ್ 1961

ಕಾತ್ಯಾಯನಿ,

ಸಿಕ್ಕಿದೆ.

ನಿನ್ನ ಕಾಗದ ಓದಿ ಮೊದಲು ಒಲೆಯ ಮೇಲಿನ ಅಟ್ಟದ ಕಡೆ ನೋಡಿದೆ, ಆಮೇಲೆ ಅತ್ತೆಯ ಕಡೆ. ಅವರು ಅಕ್ಕಿ ಆರಿಸುತ್ತಿದ್ದರು. ಕೂಗಾಡಬೇಡ ಎಂದು ನೀನು ಬರೆದಿರದಿದ್ದರೆ ಊರು ಸೇರುವ ಹಾಗೆ ಕೂಗುತ್ತಿದ್ದೆ. ಹತ್ತಿರ ಹೋಗಿ ಕೂತು, ‘ಅತ್ತೆ, ಬಾಟಲಿಯಲ್ಲಿ ಒಣಮಾಂಸ ಹಾಕಿದ್ದು ನೀವಾ?’ ಎಂದು ಕೇಳಿದೆ. ಅವರು ಆರಿಸುವುದನ್ನು ನಿಲ್ಲಿಸಲಿಲ್ಲ. ‘ಹ್ಞೂಂ’ ಎಂದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ.

‘ಯಾಕೆ?’

‘ಅಲ್ಲಿ ಇರುವವಕ್ಕೆ ಎಂಥ ಮಾಂಸ ಆದರೇನ್? ನೋಡಿ ಬಿಸಾಕುವವು. ನನ್ನ ಹೈದನ ಮಾಂಸ ಮೈಸೂರಿನ ಚರಂಡಿಗೆ ಬೀಳಿಕೆ ಇಲ್ಲೆ.’

‘ಅದನ್ನು ನೋಡಿಯೇ ಕಾಯಿಲೆ ಯಾವುದೆಂದು ಹೇಳುವುದು ಅತ್ತೆ.’

‘ಕಾಯಿಲೆ ಹೊಟ್ಟೆ ಒಳಗೆ ಉಟ್ಟು. ತೆಗ್ದ ಚೂರಲಿ ಎಂಥ ಉಟ್ಟು?’ ಎಂದು, ಆ ಚೂರಿನಲ್ಲಿ ಏನಿದೆ ಎಂದು ನನ್ನನ್ನೇ ಕೇಳಿದರು. ನಿಜವಾಗಿಯೂ ಕೇಳಿದರು, ಕಾತ್ಯಾಯನಿ. ಅಷ್ಟು ದಿನ ನಾವೆಲ್ಲ ಅವರ ಸುತ್ತ ನಿಂತು ಮಾತಾಡಿದೆವು, ಜಗಳವಾಡಿದೆವು. ಆ ಚೂರಿನಿಂದ ಏನು ತಿಳಿಯುತ್ತದೆ ಎಂದು ಒಬ್ಬರಾದರೂ ಅವರಿಗೆ ಹೇಳಿದ್ದೇವೆಯೇ? ನಿನ್ನ ಕಾಗದವನ್ನು ಗಂಡನಿಗೆ ಓದಿ ಹೇಳಿದೆ, ಮಗಳಿಗೆ ಓದಿ ಹೇಳಿದೆ. ಅವರಿಗೆ ಓದಿರಲಿಲ್ಲ. ಮುದುಕಿಗೆ ಏನು ತಿಳಿಯುತ್ತದೆ ಅಂದುಕೊಂಡೆ. ಅವರ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು, ನಿನ್ನ ಜೂನ್ ತಿಂಗಳ ಕಾಗದವನ್ನು ತಂದು ಮೊದಲಿನಿಂದ ಓದಿದೆ. ಸಂಗಮ, ಗೋಡೆ, ಮೇಣ, ಬಣ್ಣ, ಎಲ್ಲ.

ಕೇಳಿ ಮುಗಿದ ಮೇಲೆ, ‘ನಿನ್ನ ಮಾವಂದ್ ಒಂದ್ ಉಗುರೂ ನಂಗೆ ಸಿಕ್ಕಿತ್ಲೆ. ಬರ್ಮಾಂದ ಕಾಗದ ಮಾತ್ರ ಬಾತ್’ ಎಂದರು. ಎದ್ದು ತಮ್ಮ ಪೆಟ್ಟಿಗೆ ತೆಗೆದರು. ಅದರಲ್ಲೊಂದು ಸಣ್ಣ ಬೆಳ್ಳಿ ಕರಡಿಗೆ, ನಮ್ಮವರು ಹುಟ್ಟಿದಾಗಿನ ಒಣಗಿದ ಹೊಕ್ಕುಳ ಬಳ್ಳಿ ಅದರೊಳಗೆ. ಮೂವತ್ತೆಂಟು ವರ್ಷದಿಂದ ಇಟ್ಟಿದ್ದಾರೆ. ಅದರ ಪಕ್ಕದಲ್ಲಿ ಒಂದು ಗಾಜಿನ ಭರಣಿ, ತುಂಬ ಕಾಡುಜೇನು. ಜೇನಿನ ನಡುವೆ ಕಡಲೆಕಾಳಿನಷ್ಟು ಪೊನ್ನಪ್ಪ.

ತುಲಾ ಸಂಕ್ರಮಣದ ದಿನ ಸಂಗಮಕ್ಕೆ ಒಯ್ದು ನೀರಿಗೆ ಬಿಡಬೇಕೆಂದು ಇಟ್ಟಿದ್ದರಂತೆ. ಅಲ್ಲಿಯವರೆಗೆ ಕೆಡಬಾರದಲ್ಲ, ನೆಲ್ಲಿಕಾಯಿ ಇಡುವ ಹಾಗೆ ಜೇನಿನಲ್ಲಿ ಇಟ್ಟಿದ್ದಾರೆ. ಸೌಟಿನಿಂದ ಚೂರನ್ನು ಎತ್ತಿದಾಗ ಬಂದ ಘಾಟಿಗೆ ಎರಡು ದಿನ ಕಣ್ಣು ತೆರೆಯಲು ಆಗಲಿಲ್ಲವಂತೆ. ಖಾಲಿ ಬಾಟಲಿ ಕೊಟ್ಟರೆ ಸಿಕ್ಕಿಬೀಳುತ್ತೇನೆ ಎಂದು ಅಟ್ಟದಿಂದ ಅಷ್ಟೇ ದೊಡ್ಡ ಒಣಮಾಂಸದ ಚೂರನ್ನು ಕೊಯ್ದು ಹಾಕಿದ್ದಾರೆ.

‘ಇದನ್ನ್ ನೋಡುವವು ಯಾರ್?’ ಎಂದು ಕೇಳಿದರು. ‘ಕಾತ್ಯಾಯನಿ, ನಾಗೇಶ್ವರ ಭಟ್ಟರ ತಂಗಿ’ ಎಂದೆ. ಭರಣಿ ಹಿಡಿದುಕೊಂಡಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಒಳಗೆ ಹೋಗಿ, ದಾರಿಯಲ್ಲಿ ಒಡೆಯದ ಹಾಗೆ ತಾವೇ ಸುತ್ತಿ ಕಟ್ಟಿ ತಂದರು. ಏನನ್ನು ಸುತ್ತಿದ್ದಾರೆ ಎಂದು ನಾನು ಬಿಚ್ಚಿ ನೋಡಲಿಲ್ಲ. ಮೊಣ್ಣಪ್ಪ ಭಾವ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದಾರೆ.

ಜೇನಿನಲ್ಲಿದ್ದದ್ದು ಇನ್ನು ಉಪಯೋಗಕ್ಕೆ ಬರುತ್ತದೆಯೇ? ಬರುವುದಿಲ್ಲವಾದರೆ ನನಗೊಬ್ಬಳಿಗೇ ಬರೆ. ಅತ್ತೆಗೆ ಗೊತ್ತಾಗುವುದು ಬೇಡ. ತನ್ನ ಕೈಯಾರೆ ಮಗನನ್ನು ಕೊಂದೆ ಎಂದು ಅವರು ಉಳಿದ ಕಾಲ ಕೊರಗಬಾರದು.

ಯಮುನ


ಮೈಸೂರು
12 ಸೆಪ್ಟೆಂಬರ್ 1961

ಯಮುನಾ,

ಕ್ಷಯ. ಕ್ಯಾನ್ಸರ್ ಅಲ್ಲ. ಇದನ್ನು ಮೊದಲು ಓದಿ ಹೇಳು, ಅತ್ತೆಗೇ ಮೊದಲು ಹೇಳು. ಆಮೇಲೆ ಉಳಿದದ್ದನ್ನು ಓದು.

ಭರಣಿ ಬಿಚ್ಚುವ ಮುಂಚೆ, ಆ ಚೂರು ಬಾಟಲಿಯಲ್ಲಿ ಎಷ್ಟು ದಿನ ಇತ್ತು ಎಂದು ಮೊಣ್ಣಪ್ಪನವರನ್ನು ಕೇಳಿದೆ. ಸೋಮವಾರ ತೆಗೆದದ್ದು. ಅತ್ತೆ ಎತ್ತಿದ್ದು ಬುಧವಾರ ಮಧ್ಯಾಹ್ನ. ಎರಡು ದಿನ ಫಾರ್ಮಲಿನ್‌ನಲ್ಲಿ ನೆನೆದಿದೆ, ಆಗಬೇಕಾದ ಕೆಲಸ ಅಷ್ಟರಲ್ಲಿ ಆಗಿಹೋಗಿತ್ತು. ಹೊಳೆಗೆ ಬಿಟ್ಟಿದ್ದರೆ, ಒಣಗಲು ಬಿಟ್ಟಿದ್ದರೆ ಹೋಗುತ್ತಿತ್ತು. ಜೇನು ಅದನ್ನು ಇದ್ದ ಹಾಗೇ ಕಾಯ್ದಿದೆ. ಅಂಚು ಸ್ವಲ್ಪ ಮುದುರಿದೆ, ಅಷ್ಟೇ. ಅರ್ಧವನ್ನು ಮಾತ್ರ ತೆಗೆದುಕೊಂಡು ಕೊಯ್ದೆ.

ಗಾಜಿನಲ್ಲಿ ಎಲ್ಲ ಸ್ಪಷ್ಟವಾಗಿ ಕಂಡಿತು. ಪದರದ ನಡುವೆ ಗುಂಪುಗುಂಪಾಗಿ ದುಂಡನೆಯ ಗಂಟುಗಳು, ಅವುಗಳ ನಡುವೆ ಗಿಣ್ಣಿನಂತೆ ಸತ್ತ ಭಾಗ, ಸುತ್ತ ದೊಡ್ಡ ದೊಡ್ಡ ಜೀವಕೋಶ. ಕ್ಷಯದ್ದೇ ಗುರುತು. ಕರಿಬಸಪ್ಪನವರು ಮೂರು ಗಾಜು ನೋಡಿ, ‘ಆ ಅಜ್ಜಿಯನ್ನು ನಮ್ಮ ಇಲಾಖೆಗೆ ಸೇರಿಸಿಕೊಳ್ಳೋಣ’ ಎಂದರು. ಮಡಿಕೇರಿಗೆ ಬರೆದ ವರದಿಯಲ್ಲಿ ಒಣಮಾಂಸದ ಸುದ್ದಿ ಇಲ್ಲ. ಮೊದಲ ಚೂರು ಸಾಲದಾಗಿತ್ತು, ಎರಡನೆಯದರಿಂದ ತಿಳಿಯಿತು ಎಂದಷ್ಟೇ ಬರೆದಿದ್ದಾರೆ. ಧರ್ಮಪಾಲ ಡಾಕ್ಟರಿಗೆ ನಿಜವನ್ನು ನೀನೇ ಹೋಗಿ ಹೇಳು. ಅವರ ಕೈಯ ಮೇಲೆ ಅನುಮಾನ ಉಳಿಯಬಾರದು.

ಇನ್ನು ತೊಂಬತ್ತು ದಿನ ಸ್ಟ್ರೆಪ್ಟೊಮೈಸಿನ್ ಸೂಜಿ, ಜತೆಗೆ ಗುಳಿಗೆ, ಅದು ಒಂದೂವರೆ ವರ್ಷ. ತಿಂಗಳೆರಡರಲ್ಲಿ ಮೈ ತುಂಬಿಕೊಂಡು, ‘ಇನ್ನು ಗುಣವಾಯಿತು, ಯಾಕೆ ನುಂಗಬೇಕು’ ಎಂದು ಅವರು ಶುರು ಮಾಡುತ್ತಾರೆ. ಆಗ ಬಿಡಬೇಡ. ಹಾಲನ್ನು ಚೆನ್ನಾಗಿ ಕುದಿಸಿಯೇ ಎಲ್ಲರೂ ಕುಡಿಯಿರಿ.

ಕಾಗದ ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಲು ಮನಸ್ಸಾಗುತ್ತಿಲ್ಲ.

ಭರಣಿಗೆ ಸುತ್ತಿದ್ದ ಉಣ್ಣೆಯನ್ನು ಮೂರು ನೀರಿನಲ್ಲಿ ತೊಳೆದೆ, ಜೇನಿನ ಅಂಟು ಹೋಗಿದೆ. ನೀಲಿ ಅಂಚಿನ ಬಿಳಿ ಕುಲಾವಿ. ನಾನೇ ಹೆಣೆದದ್ದು, ಎರಡು ಸಲ ಬಿಚ್ಚಿ ಮತ್ತೆ ಹೆಣೆದದ್ದು. ಒಂದು ದಿನವೂ ಮಗುವಿನ ತಲೆಯ ಮೇಲೆ ಕೂತಿಲ್ಲ ಎಂದು ನೋಡಿದರೇ ಗೊತ್ತಾಗುತ್ತದೆ. ಆದರೆ ಬಿಸಾಡಿಯೂ ಇಲ್ಲ.

ತಂಗಮ್ಮನನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಭಾಗಮಂಡಲದಿಂದ ನಡೆದುಕೊಂಡು ಬಂದಿದ್ದೆ. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆ ಬಿಟ್ಟು ಹೊರಗೆ ಕಾಲಿಟ್ಟದ್ದೇ ಅವತ್ತು ಮೊದಲು. ನಿಮ್ಮ ಅತ್ತೆ ಅಂಗಳದಲ್ಲೇ ತಡೆದು, ಕುಲಾವಿಯನ್ನು ತೆಗೆದುಕೊಂಡು, ‘ತೊಟ್ಟಿಲು ಹಾಕುವ ದಿನ ಬೇಡ, ಮಗುವನ್ನು ಇನ್ನೊಂದು ದಿನ ಬಂದು ನೋಡು’ ಎಂದರು. ಅವರು ಅಂದದ್ದಕ್ಕೆ ನನಗೆ ಅಷ್ಟು ದುಃಖವಾಗಲಿಲ್ಲ. ಅಂಥ ಮಾತನ್ನು ನಮ್ಮ ಮನೆಯವರೇ ಹೇಳುತ್ತಿದ್ದರು. ಕಿಟಕಿಯ ಹಿಂದೆ ನೀನು ನಿಂತಿದ್ದೆ, ಯಮುನಾ. ನಿನ್ನ ಬಳೆಯ ಸದ್ದು ನನಗೆ ಕೇಳಿಸಿತು. ನೀನು ಹೊರಗೆ ಬರಲಿಲ್ಲ. ಹನ್ನೆರಡು ವರ್ಷ ನನಗೆ ನೋವಾದದ್ದು ಅದು.

ವರ್ಷಕ್ಕೊಮ್ಮೆ ಅಣ್ಣನ ಮನೆಗೆ ಬರುತ್ತೇನೆ. ಚೇರಂಬಾಣೆಯಲ್ಲಿ ಬಸ್ಸು ನಿಂತಾಗ ಮಳೆ ಇರಲಿ ಬಿಡಲಿ ಕಿಟಕಿಯ ಪರದೆ ಇಳಿಸಿಕೊಂಡು ಕೂರುತ್ತೇನೆ.

ಉಳಿದ ಅರ್ಧ ಚೂರು ಅದೇ ಜೇನಿನಲ್ಲಿ ನನ್ನ ಮೇಜಿನ ಮೇಲಿದೆ. ಸಂಕ್ರಮಣಕ್ಕೆ ಬೇಕೆಂದರೆ ಹೇಗೆ ಕಳಿಸಲಿ, ತಿಳಿಸು. ಕುಲಾವಿಯನ್ನು ಮಾತ್ರ ಕಳಿಸುವುದಿಲ್ಲ.

ಕಾತ್ಯಾಯನಿ


ಚೇರಂಬಾಣೆ
6 ಅಕ್ಟೋಬರ್ 1961

ಕಾತಿ,

ಇಷ್ಟು ದಿನ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದು ಹರಿದೆ.

ನಿಂತಿದ್ದೆ. ಕಿಟಕಿಯ ಹಿಂದೆಯೇ ನಿಂತಿದ್ದೆ. ಬಾಣಂತಿ, ಹೊರಗೆ ಹೇಗೆ ಬರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಬರಬಹುದಿತ್ತು, ಹತ್ತು ಹೆಜ್ಜೆ. ಎದುರು ಮಾತಾಡಲು ಹೆದರಿದೆ. ನೀನು ಬೇಲಿ ದಾಟಿ ಹೋಗುವವರೆಗೆ ನಿನ್ನ ಬೆನ್ನು ನೋಡುತ್ತಾ ನಿಂತಿದ್ದೆ. ನನ್ನದು ತಪ್ಪು, ಕಾತಿ. ಹೊಟ್ಟೆಗೆ ಹಾಕಿಕೊ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ಇಪ್ಪತ್ತು ಸೂಜಿ ಆಯಿತು. ನೋವು ಇಳಿದಿದೆ. ಮೊನ್ನೆ ಕಡುಬು ಬೇಕೆಂದು ಕೇಳಿ ಎರಡು ತಿಂದರು. ತಿಂದದ್ದು ಉಳಿಯಿತು. ಧರ್ಮಪಾಲ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಮೊದಲು ಕೆಂಪಗಾದರು, ಆಮೇಲೆ ಜೇನು ಯಾವ ಕಾಡಿನದು ಎಂದು ಕೇಳಿದರು.

ನಿನ್ನ ಕಾಗದವನ್ನು ಅತ್ತೆಗೆ ಪೂರ್ತಿ ಓದಿ ಹೇಳಿದ್ದೇನೆ, ಒಂದು ಸಾಲನ್ನೂ ಬಿಡದೆ. ಅವರದೂ ಒಂದು ಕಾಗದ ಇದರ ಜತೆಗಿದೆ. ನನ್ನ ಕೈಯಲ್ಲಿ ಬರೆಸಲು ಅವರು ಒಪ್ಪಲಿಲ್ಲ.

ಯಮುನ


ಚೇರಂಬಾಣೆ
6 ಅಕ್ಟೋಬರ್ 1961

ಕಾತ್ಯಾಯನಿಗೆ,

ಅಜ್ಜಿ ಹೇಳುತ್ತಾರೆ, ನಾನು ಶಾಲೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏನನ್ನೂ ಬಿಡಬಾರದು, ಸೇರಿಸಬಾರದು ಎಂದಿದ್ದಾರೆ.

ನನ್ನ ಮಗ ಬದುಕಿದ. ಅವನ ಹೊಟ್ಟೆಯೊಳಗೆ ಏನಿದೆ ಎಂದು ಹೆತ್ತ ನನಗೆ ಗೊತ್ತಾಗಲಿಲ್ಲ, ನಿನಗೆ ಗೊತ್ತಾಯಿತು. ನಾನು ಅದನ್ನು ಕದ್ದಿಟ್ಟುಕೊಂಡಿದ್ದೆ. ನೀನು ನನ್ನನ್ನು ಹಿಡಿದೆ, ಆದರೆ ಯಾರಿಗೂ ದೂರು ಹೇಳಲಿಲ್ಲ.

ಆ ದಿನ ತೊಟ್ಟಿಲನ್ನು ನಾನೂ ಮುಟ್ಟಿರಲಿಲ್ಲ. ಗಂಡ ಇಲ್ಲದವಳು ಮುಟ್ಟಬಾರದು ಎಂದು ನನಗೂ ಯಾರೋ ಹೇಳಿದ್ದರು. ಮೊಮ್ಮಗಳು ಅತ್ತರೂ ಹಿತ್ತಲಲ್ಲೇ ಕೂತಿದ್ದೆ. ನನಗೆ ಹೇಳಿದ್ದನ್ನೇ ನಾನು ನಿನಗೆ ಹೇಳಿದೆ. ಹೇಳಬಾರದಿತ್ತು. ಕುಲಾವಿಯನ್ನು ಮಗುವಿಗೆ ಹಾಕಲು ಧೈರ್ಯ ಬರಲಿಲ್ಲ, ಎಸೆಯಲು ಮನಸ್ಸು ಬರಲಿಲ್ಲ.

ಜೇನಿನ ಭರಣಿಯನ್ನು ಅಂಚೆಯಲ್ಲಿ ಹಾಕಬೇಡ. ಮೊಣ್ಣಪ್ಪನೂ ಬರುವುದಿಲ್ಲ. ಸಂಕ್ರಮಣಕ್ಕೆ ನೀನು ಹೇಗೂ ಅಣ್ಣನ ಮನೆಗೆ ಬರುತ್ತೀಯ. ನೀನೇ ತಾ. ಚೇರಂಬಾಣೆಯಲ್ಲಿ ಬಸ್ಸು ನಿಂತಾಗ ಪರದೆ ಎತ್ತು. ನಾನು ಅಲ್ಲೇ ನಿಂತಿರುತ್ತೇನೆ. ಇಳಿದು ಮೊದಲು ಮನೆಗೆ ಬಾ, ಆಮೇಲೆ ಇಬ್ಬರೂ ಸಂಗಮಕ್ಕೆ ಹೋಗೋಣ.

ಕೊನೆಯದನ್ನು ಅಜ್ಜಿ ಹೇಳಿದ ಹಾಗೆಯೇ ಬರೆಯುತ್ತೇನೆ: ‘ಮಗೂನ ಇನ್ನೊಂದ್ ದಿನ ಬಂದ್ ನೋಡ್ ಅಂತ ಹೇಳಿದ್ದೆ. ಆ ದಿನ ಈಗ ಬಾತ್. ಬಾ.’

ಹೇಳಿದವರು, ಹೊನ್ನಮ್ಮ
ಬರೆದವಳು, ತಂಗಮ್ಮ